ಥರ್ಮಾಮೀಟರ್ ಮಾತ್ರ ಸಾಲದು, ಉಸಿರನ್ನೂ ಎಣಿಸಿ

ಮಳೆಗಾಲ ಹಿಡಿಯಿತೆಂದರೆ ಮಂಗಳೂರು, ಉಡುಪಿಯ ಕಡೆ ಡೆಂಗಿ, ಮಲೇರಿಯಾ, ಇಲಿ ಜ್ವರಗಳದ್ದೇ ಮಾತು. ಬಂದಿರುವ ಜ್ವರ ಯಾವುದೆಂದು ರಕ್ತಪರೀಕ್ಷೆಯೇ ಹೇಳಬೇಕು. ರೋಗಿ ಹೇಗಿದ್ದಾರೆ ಎಂಬುದನ್ನು ಮಾತ್ರ ಮನೆಯವರೂ ತಕ್ಕಮಟ್ಟಿಗೆ ತಿಳಿಯಬಹುದು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಇರಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇರಲಿ, ವಾರ್ಡಿನಲ್ಲಿ ಸಿಸ್ಟರ್ ಬಂದು ಬರೆದುಕೊಳ್ಳುವ ‘ವೈಟಲ್ಸ್’ ಅಂದರೆ ಮೈಬಿಸಿ, ನಾಡಿ, ಉಸಿರು, ಬಿಪಿ. ಈಗ ಅದಕ್ಕೆ ಆಮ್ಲಜನಕದ ಸ್ಯಾಚುರೇಷನ್ನೂ, ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಎಂಬ ಅಳತೆಯೂ, ಸೇರಿದೆ. ಮನೆಯಲ್ಲಿ ನಾವು ಮೊದಲನೆಯದನ್ನು ಹತ್ತು ಸಲ ನೋಡುತ್ತೇವೆ, ಉಳಿದದ್ದನ್ನು ಮರೆಯುತ್ತೇವೆ.

ಮೊದಲು ಜ್ವರ. ಬಿಸಿ ಗಂಜಿ ಕುಡಿದ ಕೂಡಲೇ ಥರ್ಮಾಮೀಟರನ್ನು ಬಾಯಿಗೆ ಇಡಬೇಡಿ, ಅರ್ಧ ಗಂಟೆ ಬಿಡಿ. ಕಂಕುಳಲ್ಲಿ ಇಡುವುದಾದರೆ ಬೆವರು ಒರೆಸಿ. ಅಲ್ಲಿ ಬಾಯಿಗಿಂತ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಕೇಸ್ ಶೀಟಿನಲ್ಲಿ ‘ಅಫೆಬ್ರೈಲ್’ ಎಂದಿದ್ದರೆ ಜ್ವರವಿಲ್ಲ ಎಂದರ್ಥ. ಪ್ಯಾರಸಿಟಮಾಲ್ ಕೊಟ್ಟ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಜ್ವರ ತಾನಾಗಿ ಇಳಿದದ್ದೋ ಮಾತ್ರೆಗೆ ಇಳಿದದ್ದೋ ತಿಳಿಯುವುದಿಲ್ಲ.

ಆಮೇಲೆ ನಾಡಿ. ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಮಣಿಕಟ್ಟಿನ ಒಳಬದಿಯಲ್ಲಿ ನಿಮ್ಮ ಎರಡು ಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಲೆಕ್ಕ ತಪ್ಪಿಸುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಸಹಜ. ಮೇಲೆ ಹೋದರೆ ‘ಟ್ಯಾಕಿಕಾರ್ಡಿಯಾ’, ಕೆಳಗಿಳಿದರೆ ‘ಬ್ರ್ಯಾಡಿಕಾರ್ಡಿಯಾ’. ಜ್ವರ ಒಂದು ಡಿಗ್ರಿ ಏರಿದರೆ ನಾಡಿ ಸುಮಾರು 10 ಏರುವುದು ವಾಡಿಕೆ, ಅಷ್ಟಕ್ಕೇ ಗಾಬರಿ ಬೇಡ.

ನಾಡಿ ಎಣಿಸಿ ಮುಗಿದರೂ ಕೈ ಬಿಡಬೇಡಿ. ನಾಡಿ ನೋಡುತ್ತಿರುವಂತೆಯೇ ಕೂತು, ಹೊದಿಕೆಯ ಮೇಲಿಂದ ಹೊಟ್ಟೆ ಅಥವಾ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. ‘ಉಸಿರು ಎಣಿಸುತ್ತೇನೆ ಅಮ್ಮ’ ಎಂದಿರೋ, ಅವರ ಉಸಿರಿನ ಲಯವೇ ಬದಲಾಗುತ್ತದೆ. ಅನುಭವಿ ಸಿಸ್ಟರ್‌ಗಳು ಸುಮ್ಮನೆ ಮಣಿಕಟ್ಟು ಹಿಡಿದು ನಿಲ್ಲುವುದು ಇದಕ್ಕೇ. ದೊಡ್ಡವರಿಗೆ 12ರಿಂದ 20 ಸಹಜ. ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಯಂತ್ರ ಬೇಡದ, ಕಾಸು ಬೇಡದ ಈ ಒಂದು ಎಣಿಕೆಯನ್ನೇ ಎಲ್ಲರೂ ಹಾರಿಸುತ್ತಾರೆ ಎಂಬುದು ನನ್ನ ದೂರು.

ಬಿಪಿ ನೋಡುವ ಮೊದಲು ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಬೆನ್ನು ಆನಿಸಿ ಕೂರಬೇಕು, ಕಾಲು ನೆಲದ ಮೇಲಿರಬೇಕು, ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟಕ್ಕಿರಬೇಕು. ಮಾತು ಬೇಡ. ಏಳಲಾಗದವರಿಗೆ ಮಲಗಿದಲ್ಲೇ ನೋಡಿ. ಮೇಲಿನ ಅಂಕಿ ಸಿಸ್ಟಾಲಿಕ್, ಹೃದಯ ಸಂಕುಚಿಸುವಾಗಿನದು. ಕೆಳಗಿನದು ಡಯಾಸ್ಟಾಲಿಕ್, ಸಡಿಲಿಸುವಾಗಿನದು.

ಸ್ಯಾಚುರೇಷನ್ ತೋರಿಸುವ ಆಕ್ಸಿಮೀಟರಿಗೆ ಬೆಚ್ಚಗಿನ ಬೆರಳು ಬೇಕು, ನೇಲ್ ಪಾಲಿಶ್ ಇರಬಾರದು. 95ರ ಮೇಲಿದ್ದರೆ ಸರಿ. ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಎಷ್ಟಿದ್ದರೆ ಸಾಕೆಂದು ಅವರ ವೈದ್ಯರನ್ನೇ ಕೇಳಿಡಿ.

ಇನ್ನು ಬರೆಯುವುದು. ಡೆಂಗಿಯ ರೋಗಿಯೊಬ್ಬರ ಪುಟ ಹೀಗಿದೆ ಎಂದುಕೊಳ್ಳಿ. ಬುಧವಾರ ಸಂಜೆ: ಜ್ವರ 102, ನಾಡಿ 108, ಉಸಿರು 20, ಬಿಪಿ 114/72. ಗುರುವಾರ ಸಂಜೆ: ಜ್ವರ 98.4, ನಾಡಿ 118, ಉಸಿರು 26, ಬಿಪಿ 100/82. ಥರ್ಮಾಮೀಟರ್ ಒಂದನ್ನೇ ನೋಡಿದವರು ‘ಜ್ವರ ಬಿಟ್ಟಿತು’ ಎಂದು ನೆಮ್ಮದಿಯಿಂದ ಮಲಗುತ್ತಾರೆ. ಆದರೆ ಜ್ವರ ಇಳಿದಾಗ ಇಳಿಯಬೇಕಿದ್ದ ನಾಡಿ ಏರಿದೆ. ಬಿಪಿಯ ಎರಡು ಅಂಕಿಗಳ ನಡುವಿನ ಅಂತರ 42 ಇದ್ದದ್ದು 18ಕ್ಕೆ ಕುಗ್ಗಿದೆ. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಿಹೋಗುವ ಅಪಾಯ ಹೆಚ್ಚಾಗಿ ಕಾಡುವುದು ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ. ಈ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ಶಾಕ್‌ನ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಯ, ಲಕ್ಷಣವೆಂದು ನೋಡುತ್ತಾರೆ. ಮೇಲಿನ ಅಂಕಿ 100 ಇದೆಯಲ್ಲ ಎಂದು ಬೆಳಗಿನವರೆಗೆ ಕಾಯುವ ಹಾಗಿಲ್ಲ.

ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ, ಅಥವಾ ಸ್ಯಾಚುರೇಷನ್ 90ಕ್ಕಿಂತ ಕೆಳಗಿಳಿದರೂ, ಮತ್ತೆ ಮತ್ತೆ ಬಿಪಿ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಬರೆದ ಪುಟವನ್ನು ಜೊತೆಗೆ ಒಯ್ದು ಡ್ಯೂಟಿ ಡಾಕ್ಟರ ಕೈಗೆ ಕೊಡಿ.