ಲಾವಾ ಬಿರುಕಿನಲ್ಲಿ ವಿಲಿವಿಲಿ ನೆಟ್ಟ ಅನುಭವ

ಹವಾಯಿ ದ್ವೀಪದ ಉತ್ತರ ಕೋನಾದಲ್ಲಿ, ಹುಆಲಾಲೈ ಜ್ವಾಲಾಮುಖಿಯ ಒಣ ಇಳಿಜಾರಿನಲ್ಲಿ ಉಳಿದಿರುವ ಒಂದು ತುಂಡು ಕಾಡಿನಲ್ಲಿ ವಿಲಿವಿಲಿ ಮುಂತಾದ ಮರಗಳ ಸಸಿ ನೆಡಲು ತೊಡಗಿದಾಗ, ಅಲ್ಲಿಯ ಕೊರತೆಯೆಲ್ಲ ನೀರಿನದೇ ಎಂದು ನಂಬಿದ್ದೆ. ಈಶಾನ್ಯದ ವಾಣಿಜ್ಯ ಮಾರುತಗಳು ಮಳೆಯನ್ನು ಬೆಟ್ಟಗಳ ಆಚೆ ಮಗ್ಗುಲಿಗೇ ಸುರಿದುಬಿಡುವುದರಿಂದ ಈ ಕಡೆಗೆ ಬರುವುದು ಅಲ್ಪ. ಹಾಗಾಗಿ ಮೊದಲ ವರ್ಷ ಹನಿ ನೀರಾವರಿಯ ಕೊಳವೆ ಎಳೆದೆ. ಆ ನೀರನ್ನು ಉಂಡು ಕೊಬ್ಬಿದ್ದು ಆಫ್ರಿಕಾ ಮೂಲದ ಫೌಂಟನ್ ಹುಲ್ಲು. ನನ್ನ ಸಸಿಗಳು ಅದರೊಳಗೆ ಹೂತುಹೋದವು.

ಆಮೇಲೆ ಸುತ್ತಲಿನ ಹಳೆಯ, ಲಾಮಾ ಎಂಬ ಸ್ಥಳೀಯ ಮರಗಳ ಬುಡವನ್ನು ಗಮನವಿಟ್ಟು ನೋಡಿದೆ. ಮರಗಳು ಹಣ್ಣು ಬಿಡುತ್ತಿದ್ದರೂ ಕೆಳಗೆ ಒಂದು ಮರಿಗಿಡವೂ ಇರಲಿಲ್ಲ. ಹಣ್ಣು, ಬೀಜಗಳನ್ನು ಇಲಿಗಳು ತಿನ್ನುತ್ತವೆ, ಮೇಲ್ಮಣ್ಣಿನ ತೇವವನ್ನು ಹುಲ್ಲು ಹೀರುತ್ತದೆ, ಬೆಂಕಿ ಬಿದ್ದರೆ ಹುಲ್ಲು ಮತ್ತೆ ಚಿಗುರುತ್ತದೆಯೇ ಹೊರತು ಮರಗಳಲ್ಲಿ ಹೆಚ್ಚಿನವು ಚಿಗುರುವುದಿಲ್ಲ.

ಎರಡನೆಯ ವರ್ಷ ಕ್ರಮ ಬದಲಿಸಿದೆ. ಮೇಕೆಗಳು ನುಗ್ಗದಂತೆ ಬೇಲಿ ಭದ್ರಪಡಿಸಿ, ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಮಳೆಗೆ ಹಸಿರು ಚಿಗುರು ಬಂದ ಮೇಲಷ್ಟೇ ಕಳೆನಾಶಕ ಸಿಂಪಡಿಸಿದೆ. ಒಣಗಿದ ಎಲೆ ಔಷಧಿಯನ್ನು ಹೀರುವುದಿಲ್ಲ. ತೆರವಾದ ಜಾಗಕ್ಕೆ ಮೊದಲು ಆಆಲಿಈ, ಅಂದರೆ ಬಂದರಿಕೆ ಗಿಡವನ್ನು ನೆಟ್ಟು ನೆರಳು ಮಾಡಿಕೊಂಡೆ.

ವಿಲಿವಿಲಿ ಹಾಲವಾಣದ ಹತ್ತಿರದ ನೆಂಟ, ಬೇಸಿಗೆಯಲ್ಲಿ ಎಲೆ ಉದುರಿಸುವ ಮರ. ಅದರ ಕೆಂಪು ಬೀಜದ ಸಿಪ್ಪೆ ಕಲ್ಲಿನಂತಿರುತ್ತದೆ. ದುಂಡು ತೂತಿದ್ದರೆ ಒಳಗಿನ ತಿರುಳನ್ನು ದುಂಬಿ ತಿಂದಿದೆ ಎಂದರ್ಥ, ಅಂಥದ್ದನ್ನು ಎಸೆಯಬೇಕು. ಉಳಿದವನ್ನು ಹೊಕ್ಕುಳಿಗೆ, ಅಂದರೆ ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತಿಗೆ, ಎದುರಿನ ಮಗ್ಗುಲಲ್ಲಿ, ಒಳಗಿನ ಬಿಳುಪು ಕಾಣುವಷ್ಟೇ, ಉಗುರು ಕತ್ತರಿಯಿಂದ ಕಚ್ಚು ಮಾಡಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಉಬ್ಬದೆ ಉಳಿದವಕ್ಕೆ ಮತ್ತೊಂದು ಕಚ್ಚು. ಸಸಿಗಳನ್ನು ಚಳಿಗಾಲದ ಮಳೆ ಬಿದ್ದ ಬೆನ್ನಿಗೆ ‘ಆಆ’ ಎಂಬ ಬಗೆಯ ಲಾವಾದ ಬಿರುಕುಗಳಲ್ಲಿಟ್ಟೆ. ಒರಟಾದ ಆ ಕಲ್ಲುರಾಶಿಯ ಸಂದಿಗಳಲ್ಲಿ ಹಿಡಿಯಷ್ಟು ಮಣ್ಣೂ ತೇವವೂ ನಿಲ್ಲುತ್ತವೆ. ‘ಪಾಹೋಎಹೋಎ’ ಎಂಬ ನುಣುಪಾದ ಲಾವಾ ಹಾಸಿನ ಮೇಲೆ ನೆಟ್ಟವು ಬದುಕಿದ್ದು ಕಡಿಮೆ.

2005ರಲ್ಲಿ ಹವಾಯಿಯಲ್ಲಿ ಮೊದಲು ಕಂಡ ಗಂಟುಕಣಜ ಎಂಬ ಕೀಟ ವಿಲಿವಿಲಿಯ ಎಳೆ ಎಲೆಗಳನ್ನು ಗಂಟುಗಟ್ಟಿಸುತ್ತದೆ. 2008ರಲ್ಲಿ ತಾಂಜಾನಿಯಾ ಮೂಲದ ಪರಾವಲಂಬಿ ಕಣಜವನ್ನು ಬಿಟ್ಟ ಮೇಲೆ ಗಂಟುಕಣಜದ ಕಾಟ ತಗ್ಗಿದ್ದರೂ, ಸಸಿಯ ತುದಿ ಚಿಗುರನ್ನು ನಾನು ಈಗಲೂ ವಾರಕ್ಕೊಮ್ಮೆ ತಿರುವಿ ನೋಡುತ್ತೇನೆ. ನೀರನ್ನು ಸಸಿ ನೆಟ್ಟ ಮೊದಲ ವರ್ಷ ಮಾತ್ರ ಕೊಡುತ್ತೇನೆ, ಅದೂ ಸುತ್ತಲಿನ ಹುಲ್ಲನ್ನು ಕಿತ್ತ ನಂತರ.