ವಿಂಡೋಸ್‌ನಲ್ಲಿ ಸಿ ಡ್ರೈವ್ ಒಡೆದು ಡಿ ಮಾಡುವುದು ಹೇಗೆ?

ಮೊದಲು ಫೋಟೊ, ಪಹಣಿ ಸ್ಕ್ಯಾನ್, ಲೆಕ್ಕಪತ್ರಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡಿ ಡ್ರೈವ್ ಬ್ಯಾಕಪ್ ಅಲ್ಲ. ಡಿಸ್ಕ್ ಸುಟ್ಟರೆ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ, ಆ ಬೀಗ ತೆರೆಯುವ ರಿಕವರಿ ಕೀ ಬರೆದಿಟ್ಟುಕೊಂಡು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಮಂಡ್ಯದ ಹಳ್ಳಿಗಳಲ್ಲಿ ತ್ರೀಫೇಸ್‌ನಿಂದ ಸಿಂಗಲ್ ಫೇಸ್‌ಗೆ ಬದಲಾಗುವ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಕೂರಬೇಡಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್.

ಹೆಚ್ಚಿನವರು ಎಡವುವುದು ಇಲ್ಲಿ. ಅಲ್ಲಿ ಕೇಳುವುದು ಸಿ ಇಂದ ಎಷ್ಟು ಕತ್ತರಿಸಬೇಕು ಎಂದು, ಸಿಗೆ ಎಷ್ಟು ಉಳಿಯಬೇಕು ಎಂದಲ್ಲ. ಅದೂ ಎಂಬಿ ಲೆಕ್ಕದಲ್ಲಿ. 200 ಜಿಬಿ ಬೇಕಾದರೆ 200ನ್ನು 1024ರಿಂದ ಗುಣಿಸಿ 204800 ಎಂದು ಬರೆಯಬೇಕು. ಬರೀ 200 ಎಂದು ಹೊಡೆದರೆ ನಾಲ್ಕು ಹಾಡಿನ ವಿಡಿಯೊ ಹಿಡಿಯದ ಡಿ ಸಿಗುತ್ತದೆ.

ಸಿ ಅರ್ಧಕ್ಕರ್ಧ ಖಾಲಿಯಿದ್ದರೂ ಕೆಲವೊಮ್ಮೆ ಐದು ಜಿಬಿ ಮಾತ್ರ ಬಿಟ್ಟುಕೊಡುತ್ತದೆ. ಜಾಗದಿಂದ ಅಲುಗದ ಫೈಲ್ ಯಾವುದೋ ಕೊನೆಯಲ್ಲಿ ಕೂತಿರುವುದೇ ಕಾರಣ: ಹೈಬರ್ನೇಷನ್ (ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಕಂಪ್ಯೂಟರ್ ಆರಿಸುವುದು), ಪೇಜ್‌ಫೈಲ್ (ರ್‍ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ), ಇಲ್ಲವೇ ರಿಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್ ಪ್ರೊಟೆಕ್ಷನ್ ಉಳಿಸಿಡುವ ದಾಖಲೆ). ವಿಂಡೋಸ್‌ನಲ್ಲಿ ನಡೆದದ್ದನ್ನೆಲ್ಲ ತೋರಿಸುವ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259 ಸಂಖ್ಯೆಯ ದಾಖಲೆ ಹುಡುಕಿ, ಅಡ್ಡ ನಿಂತ ಫೈಲಿನ ಹೆಸರು ಅಲ್ಲೇ ಇರುತ್ತದೆ. ಅದು ಯಾವುದೋ ಅದನ್ನಷ್ಟೇ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಮಾಡಿ. ಮುಗಿದ ಮೇಲೆ ಪುನಃ ಆನ್ ಮಾಡಲು ಮರೆಯಬೇಡಿ. ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿದರೆ ಅವು ಮತ್ತೆ ಸಿಗುವುದಿಲ್ಲ ಎಂಬುದು ಗೊತ್ತಿರಲಿ. ಇಷ್ಟಕ್ಕೆ ಹೆದರಿ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ ಮಾಡಿದ ಪಾರ್ಟಿಷನ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ, ಅದರ ಜೊತೆ ವೈರಸ್ಸೂ ಬರಬಹುದು.

ಶ್ರಿಂಕ್ ಆದ ಮೇಲೆ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್, ಫಿನಿಶ್. ನಡುವೆ ಡೈನಾಮಿಕ್ ಡಿಸ್ಕ್ ಮಾಡಲೇ ಎಂದು ಕೇಳಿದರೆ ನೋ ಒತ್ತಿ. ಎಂಬಿಆರ್ ಎಂಬ ಹಳೆಯ ವಿಭಜನೆ ಪದ್ಧತಿಯ ಡಿಸ್ಕಿನಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್ (ಮುಖ್ಯ ತುಂಡು) ತುಂಬಿದ್ದರೆ ಹೀಗೆ ಕೇಳುತ್ತದೆ. ವಿಂಡೋಸ್ ಶುರುವಾಗಲು, ಕೆಟ್ಟಾಗ ಸರಿಪಡಿಸಲು ಬೇಕಾದ ಇಎಫ್‌ಐ, ರಿಕವರಿ ಎಂದಿರುವ ಸಣ್ಣ ತುಂಡುಗಳ ತಂಟೆಗೆ ಹೋಗಬೇಡಿ.

ಸಿಗೆ ಕನಿಷ್ಠ 200 ಜಿಬಿ ಬಿಡಿ, ಜಿಪುಣತನ ಬೇಡ. ಆಮೇಲೆ ಡಿಯನ್ನು ಶ್ರಿಂಕ್ ಮಾಡಿ ಸಿ ಹಿಗ್ಗಿಸೋಣ ಎಂದರೆ ಆಗುವುದಿಲ್ಲ: ಖಾಲಿಯಾಗುವುದು ಡಿಯ ಬಾಲ, ಎಕ್ಸ್‌ಟೆಂಡ್‌ಗೆ ಬೇಕಾದದ್ದು ಸಿಯ ಮಗ್ಗುಲ ಜಾಗ. ಆಗ ಡಿಯನ್ನು ಪೂರ್ತಿ ಖಾಲಿ ಮಾಡಿ ಅಳಿಸಬೇಕಾಗುತ್ತದೆ.