ಡೈನೋ ಹಾಳೆಯನ್ನು ಓದುವುದು ಹೇಗೆ? ಹಳೆಯ ಮಾಡಿಫೈಡ್ ಕಾರಿನ ಅಶ್ವಶಕ್ತಿಯ ಲೆಕ್ಕ

ಮಂಗಳೂರಿನಲ್ಲೋ ಉಡುಪಿಯಲ್ಲೋ ಹಳೆಯ ಮಾಡಿಫೈಡ್ ಕಾರೊಂದನ್ನು ನೋಡಲು ಹೋದರೆ, ಮಾರುವವರು ಬೆಂಗಳೂರಿನಲ್ಲಿ ಮಾಡಿಸಿದ ಡೈನೋ (ಕಾರಿನ ಶಕ್ತಿಯನ್ನು ಅಳೆಯುವ ಯಂತ್ರ) ಪರೀಕ್ಷೆಯ ಹಾಳೆಯನ್ನು ಮುಂದಿಟ್ಟು ‘ನೂರರ ಮೇಲೆ ಎಚ್‌ಪಿ ಇದೆ’ ಎನ್ನುವುದುಂಟು. ಆ ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಅದನ್ನು ಯಾವ ಮಾನದಲ್ಲಿ, ಕಾರಿನ ಯಾವ ಭಾಗದಲ್ಲಿ, ಎಂತಹ ಗಾಳಿಯಲ್ಲಿ ಅಳೆದರು ಎಂಬುದನ್ನು ತಿಳಿಯದೆ ದುಡ್ಡು ಕೊಡುವುದು ತಕ್ಕಡಿಯ ಕಲ್ಲನ್ನು ನೋಡದೆ ಬಂಗುಡೆ ಕೊಂಡಂತೆ.

ಮೊದಲು ಮಾನವನ್ನು ನೋಡಿ. ಹಾಳೆಯ ಮೇಲೆ ಬಿಎಚ್‌ಪಿ, ಪಿಎಸ್ ಅಥವಾ ಕಿಲೋವ್ಯಾಟ್ ಎಂದಿರುತ್ತದೆ. 75 ಕಿಲೋ ಭಾರವನ್ನು, ಅಂದರೆ 50 ಕಿಲೋದ ಒಂದೂವರೆ ಮೂಟೆ ಕುಚ್ಚಲಕ್ಕಿಯನ್ನು, ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತುವ ಸಾಮರ್ಥ್ಯವೇ ಒಂದು ಪಿಎಸ್, ಅದು 735.5 ವ್ಯಾಟ್‌ಗೆ ಸಮ. ಜೇಮ್ಸ್ ವ್ಯಾಟ್‌ನ ಲೆಕ್ಕದಿಂದ ಬಂದ ಬ್ರಿಟಿಷ್ ಅಶ್ವಶಕ್ತಿ, ಅಂದರೆ ಬಿಎಚ್‌ಪಿ, 745.7 ವ್ಯಾಟ್. ಇವೆರಡರ ನಡುವಿನ ವ್ಯತ್ಯಾಸ ಶೇ 1.4ರಷ್ಟೇ ಆದ್ದರಿಂದ ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಎರಡನೆಯದಾಗಿ, ಕಾರು ಕಾರ್ಖಾನೆಯಿಂದ ಹೊರಬಂದಾಗ ಎಷ್ಟಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಕಾರಿನಲ್ಲೂ ಇದು ಬೇರೆಯಾಗಿರುತ್ತದೆ: ಮಾರುತಿ ಎಸ್ಟೀಮ್‌ನ ಕಾರ್ಬುರೇಟರ್ ಮಾದರಿಗೆ 65 ಬಿಎಚ್‌ಪಿ, ಅದೇ 1298 ಸಿಸಿಯ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಮಾದರಿಗೆ 85 ಬಿಎಚ್‌ಪಿ. ಇದೇ ಹೊತ್ತಿಗೆ ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಹೋಲಿಸಿ ನೋಡಿ. ಬೇರೆ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿಲ್ಲದಿದ್ದರೆ, ವಾಹನದಲ್ಲಿ ಮಾಡುವ ಬದಲಾವಣೆಗಳ ಕುರಿತಾದ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತೊಡಕು ಕಾರಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ.

ಮೂರನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಂಪನಿ ಹೇಳುವ ಅಂಕಿ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ನಲ್ಲಿ, ಅಂದರೆ ಶಕ್ತಿ ಎಂಜಿನ್‌ನಿಂದ ಹೊರಬರುವ ದಂಡದಲ್ಲಿ, ಅಳೆದದ್ದು. ರೋಲರ್ ಡೈನೋ ಅಳೆಯುವುದು ಚಕ್ರವನ್ನು ತಲುಪಿದ ಶಕ್ತಿಯನ್ನು ಮಾತ್ರ. ನಡುವೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬೇರಿಂಗ್ ಮತ್ತು ಟಯರ್‌ಗಳು ತಮ್ಮ ಪಾಲನ್ನು ತಿಂದಿರುತ್ತವೆ. ಮುಂದಿನ ಚಕ್ರ ಓಡಿಸುವ ಮ್ಯಾನುಯಲ್ ಕಾರಿನಲ್ಲಿ ಈ ನಷ್ಟವನ್ನು ಸಾಮಾನ್ಯವಾಗಿ ಶೇ 15ರ ಆಸುಪಾಸಿನಲ್ಲಿ ಹಿಡಿಯುತ್ತಾರೆ, ಆದರೆ ಅದು ಅಂದಾಜೇ ಹೊರತು ಅಳತೆಯಲ್ಲ.

ನಾಲ್ಕನೆಯದು ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ ಇರುವುದರಿಂದ ಟರ್ಬೊ ಇಲ್ಲದ ಎಂಜಿನ್ ಅಷ್ಟರಮಟ್ಟಿಗೆ ಸೊರಗುತ್ತದೆ. ಇದನ್ನು ಸರಿದೂಗಿಸಲು ಡೈನೋದ ತಂತ್ರಾಂಶ ಫಲಿತಾಂಶವನ್ನು ಒಂದು ಗುಣಕದಿಂದ ಹೆಚ್ಚಿಸುತ್ತದೆ. ಎಸ್‌ಎಇ ಜೆ1349 ಪದ್ಧತಿಯು 25 ಡಿಗ್ರಿ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡರೆ, ಎಸ್‌ಟಿಡಿ ಎಂದು ಬರೆಯುವ ಹಳೆಯ ಪದ್ಧತಿಯು ಇನ್ನೂ ತಂಪಾದ, ಒತ್ತಡವೂ ಹೆಚ್ಚಿರುವ ಗಾಳಿಯನ್ನು ಊಹಿಸಿಕೊಂಡು ಶೇ 4ರಷ್ಟು ಹೆಚ್ಚಿನ ಅಂಕಿಯನ್ನೇ ಕೊಡುತ್ತದೆ. ನಮ್ಮ ಸಮುದ್ರಮಟ್ಟದಲ್ಲೂ ಗುಣಕ ಬೇಕು: 32 ಡಿಗ್ರಿ ಸೆಕೆ, ಶೇ 80 ತೇವಾಂಶ ಇರುವ ದಿನ ನೀರಾವಿಯೇ ಗಾಳಿಯ ಜಾಗವನ್ನು ಹಿಡಿದುಕೊಳ್ಳುವುದರಿಂದ ಎಂಜಿನ್ ಶೇ 4ರ ಹತ್ತಿರ ಕಳೆದುಕೊಳ್ಳುತ್ತದೆ.

ಇವೆಲ್ಲವನ್ನೂ ಒಂದು ಲೆಕ್ಕದಲ್ಲಿ ಹಾಕಿ ನೋಡೋಣ. ಎಂಪಿಎಫ್‌ಐ ಎಸ್ಟೀಮ್ ಒಂದು ಬೆಂಗಳೂರಿನ ರೋಲರ್ ಮೇಲೆ ಚಕ್ರದಲ್ಲಿ 70 ಬಿಎಚ್‌ಪಿ ತೋರಿಸಿತು ಎಂದಿಟ್ಟುಕೊಳ್ಳಿ. ಎಸ್‌ಎಇ ಗುಣಕ 1.13 ಆದರೆ ಅದು 79 ಆಗುತ್ತದೆ, ಎಸ್‌ಟಿಡಿಯಲ್ಲಿ 82. 79ಕ್ಕೆ ಶೇ 15ರ ನಷ್ಟವನ್ನು ಸೇರಿಸಿದರೆ (ಅಂದರೆ 0.85ರಿಂದ ಭಾಗಿಸಿದರೆ) ಕ್ರ್ಯಾಂಕ್‌ನಲ್ಲಿ 93. 82ಕ್ಕೆ ಶೇ 20ರ ನಷ್ಟ ಎಂದು ಧಾರಾಳವಾಗಿ ಸೇರಿಸಿದರೆ (0.8ರಿಂದ ಭಾಗಿಸಿದರೆ) 103. ಅದೇ ಕಾರು, ಅದೇ ಓಟ, ಆದರೆ 70ರಿಂದ 103ರವರೆಗೆ ಯಾವ ಅಂಕಿಯನ್ನು ಬೇಕಾದರೂ ಹೇಳಬಹುದು! ಆದ್ದರಿಂದ ತಿದ್ದುಪಡಿ ಮಾಡದ ಚಕ್ರದ ಅಂಕಿ ಮತ್ತು ಬಳಸಿದ ಗುಣಕ, ಇವೆರಡನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಆ ಹಾಳೆಯನ್ನು ಬದಿಗಿಡುವುದೇ ಲೇಸು.

ಇನ್ನೊಂದು ಪರೀಕ್ಷೆಗೆ ಕ್ಯಾಲ್ಕುಲೇಟರ್ ಸಾಕು. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು (ಎಂಜಿನ್‌ನ ತಿರುಗಿಸುವ ಬಲ) ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 7121ರಿಂದ ಭಾಗಿಸಿದರೆ ಬಿಎಚ್‌ಪಿ ಸಿಗುತ್ತದೆ. ಇದೇ ಸೂತ್ರವನ್ನು ತಿರುಗಿಸಿ: ಅದೇ 1.3 ಲೀಟರ್ ಎಂಜಿನ್ 6500 ಆರ್‌ಪಿಎಂನಲ್ಲಿ 120 ಬಿಎಚ್‌ಪಿ ಕೊಡುತ್ತದೆ ಎಂದರೆ ಆ ವೇಗದಲ್ಲಿ ಸುಮಾರು 131 ನ್ಯೂಟನ್ ಮೀಟರ್ ಟಾರ್ಕ್ ಇರಬೇಕು. ಮೂಲ ಎಂಜಿನ್‌ನ ಗರಿಷ್ಠ ಟಾರ್ಕೇ 110, ಅದೂ 4500 ಆರ್‌ಪಿಎಂನಲ್ಲಿ. ಏರ್ ಫಿಲ್ಟರ್, ಹೆಡರ್ (ಎಂಜಿನ್‌ನ ಹೊಗೆ ಹೊರಬರುವ ಕೊಳವೆಗಳು), ಸೈಲೆನ್ಸರ್ ಬದಲಾಯಿಸಿದ ಮಾತ್ರಕ್ಕೆ ಅಷ್ಟು ಬರುವುದಿಲ್ಲ. ಕ್ಯಾಮ್‌ಶಾಫ್ಟ್, ಹೆಡ್ ಮತ್ತು ಕಂಪ್ರೆಷನ್ ಮೂರಕ್ಕೂ ಗಂಭೀರವಾದ ಕೆಲಸ ನಡೆದಿರಬೇಕು.

ನೀವೇ ಡೈನೋ ಮಾಡಿಸುವುದಾದರೆ ಮೊದಲು ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಸವೆದಿದ್ದರೆ ಮುಂದಿನ ಯಾವ ಅಂಕಿಯೂ ಮಾಡಿಫಿಕೇಷನ್‌ನ ಗುಣವನ್ನು ಹೇಳುವುದಿಲ್ಲ. ಟಯರ್‌ನ ಗಾಳಿ, ಎಂಜಿನ್‌ನ ಬಿಸಿ ಮತ್ತು ಬಳಸುವ ಗೇರ್ ಪ್ರತಿಸಲವೂ ಒಂದೇ ಇರಲಿ. ಸಾಮಾನ್ಯವಾಗಿ ಅನುಪಾತ ಒಂದಕ್ಕೆ ಹತ್ತಿರವಿರುವ ನಾಲ್ಕನೇ ಗೇರನ್ನು ಬಳಸುತ್ತಾರೆ. ದೊಡ್ಡದಾದ, ಭಾರದ ಅಲಾಯ್ ಹಾಕಿದ ಕಾರು ಇನರ್ಷಿಯಾ ಡೈನೋದಲ್ಲಿ (ಭಾರದ ರೋಲರ್ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುವ ಯಂತ್ರ) ಕಡಿಮೆ ತೋರಿಸುತ್ತದೆ ಎಂಬುದೂ ನೆನಪಿರಲಿ. ಕನಿಷ್ಠ ಮೂರು ಓಟ ಓಡಿಸಿ, ಅವು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ನಂಬಿ. ನನ್ನ ಮಟ್ಟಿಗೆ ಡೈನೋದ ನಿಜವಾದ ಪ್ರಯೋಜನವೆಂದರೆ ಅದೇ ಯಂತ್ರದಲ್ಲಿ, ಅದೇ ಕಾರಿನಲ್ಲಿ, ಬದಲಾವಣೆಗೆ ಮುಂಚೆ ಮತ್ತು ಆಮೇಲೆ ಬಂದ ಎರಡು ಗೆರೆಗಳ ನಡುವಿನ ಅಂತರ.

ಬೆಂಗಳೂರಿನಲ್ಲಿ ಟ್ಯೂನ್ ಆದ ಕಾರನ್ನು ಶಿರಾಡಿ ಘಾಟಿ ಇಳಿಸಿ ಊರಿಗೆ ತಂದವರು ಇನ್ನೊಂದು ಕೆಲಸವನ್ನು ಮರೆಯಬಾರದು. ಅಲ್ಲಿನ ತೆಳು ಗಾಳಿಗೆ ಹೊಂದಿಸಿದ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ಇಲ್ಲಿನ ದಟ್ಟ ಗಾಳಿಗೆ ಸಾಕಷ್ಟು ಪೆಟ್ರೋಲ್ ಕೊಡದೆ ಮಿಶ್ರಣ ಲೀನ್ ಆಗುತ್ತದೆ, ಮುಂದಕ್ಕೆ ಎಳೆದಿಟ್ಟ ಇಗ್ನಿಷನ್ ಟೈಮಿಂಗ್ ನಾಕಿಂಗ್‌ಗೆ (ಸಿಲಿಂಡರ್‌ನೊಳಗೆ ಇಂಧನ ಅಂಕೆಮೀರಿ ಸಿಡಿದು ಬಡಿಯುವುದು) ದಾರಿಮಾಡುತ್ತದೆ, ಎರಡೂ ಸೇರಿದರೆ ಪಿಸ್ಟನ್ನೇ ಹೋಗಬಹುದು. ಪಡುಬಿದ್ರಿಯ ಕಡೆಗೆ ಹೆದ್ದಾರಿಯಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತುವುದಕ್ಕೆ ಮುಂಚೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಬಣ್ಣ ನೋಡಿ. ತುದಿ ಬೆಳ್ಳಗೆ ಸುಟ್ಟಂತಿದ್ದರೆ ಕಾರನ್ನು ನಿಧಾನವಾಗಿ ನೇರ ಮೆಕ್ಯಾನಿಕ್‌ನ ಬಳಿಗೆ ಒಯ್ದು ಜೆಟ್ ಮತ್ತು ಟೈಮಿಂಗ್ ಎರಡನ್ನೂ ಇಲ್ಲಿಯ ಗಾಳಿಗೆ ಹೊಂದಿಸಿಕೊಳ್ಳಿ.